ರುಚಿ ನೋಡದ ಬಿಸ್ಕತ್ತು

ನಮ್ಮ ಅಡುಗೆಮನೆಯ ಕಪಾಟಿನ ಮೇಲಿನ ಅರೆಯಲ್ಲಿ ಓಟ್ಸಿನ ಎರಡು ದೊಡ್ಡ ಪೊಟ್ಟಣಗಳು ತಿಂಗಳುಗಟ್ಟಲೆ ಯಾರ ಕಣ್ಣಿಗೂ ಬೀಳದೆ ಕೂತಿದ್ದವು. ಡಾಕ್ಟರು ಹೇಳಿದರೆಂದು ನಮ್ಮ ಯಜಮಾನರು ಉತ್ಸಾಹದಿಂದ ಹೊತ್ತು ತಂದು, ಮೊದಲ ದಿನ ಅದರ ಗಂಜಿ ಕುಡಿದು, ಎರಡನೆಯ ದಿನ ಬಟ್ಟಲನ್ನು ಮೆಲ್ಲಗೆ ನನ್ನ ಕಡೆ ಸರಿಸಿ, ಮೂರನೆಯ ದಿನದಿಂದ ಏನೂ ನಡೆದೇ ಇಲ್ಲವೆಂಬಂತೆ ರಾಗಿಮುದ್ದೆಗೆ ಮರಳಿದರು. ಹತ್ತಿರದ ಕುದಾಪುರದ ವಿಜ್ಞಾನ ಸಂಸ್ಥೆಗಳಿಗೆ ಕೆಲಸಕ್ಕೆಂದು ಬಂದ ಹೊರಗಿನ ಊರಿನವರು ಕೇಳತೊಡಗಿದ ಮೇಲೆ ನಮ್ಮ ಬೀದಿಯ ಅಂಗಡಿಯವರು ಈ ಧಾನ್ಯವನ್ನು ತರಿಸಿ ಅವಲಕ್ಕಿಯ ಪಕ್ಕಕ್ಕೆ ಜೋಡಿಸಿಟ್ಟಿದ್ದರೇ ಹೊರತು, ಶೇಂಗಾ ಎಣ್ಣೆಯ ಘಮದಲ್ಲೇ ಹುಟ್ಟಿ ಬೆಳೆದ ಚಳ್ಳಕೆರೆಯ ನಾಲಿಗೆಗಳಿಗೆ ಅದು ಅಷ್ಟು ಸುಲಭಕ್ಕೆ ಒಗ್ಗುವಂಥದ್ದಲ್ಲ. ಆದರೆ ಬೇಸಿಗೆ ರಜೆಯಲ್ಲಿ ಮನೆ ತುಂಬ ಮಕ್ಕಳಿದ್ದರೆ ಖರ್ಚಾಗದ ಸಾಮಾನು ಎಂಬುದೇ ಇರುವುದಿಲ್ಲವೆಂಬುದು ನಿಮಗೂ ಗೊತ್ತಿರುವ ಸಂಗತಿ.

ಮನೆ ತುಂಬ ಮಕ್ಕಳು ಎಂದೆನಾದರೂ ಇದ್ದವರು ಇಬ್ಬರೇ. ಒಬ್ಬಳು ನನ್ನ ಮಗಳು ಚಿನ್ಮಯಿ, ಒಂಬತ್ತು ವರ್ಷದವಳು. ಇನ್ನೊಬ್ಬಳು ಬೊಮ್ಮಕ್ಕ, ಐದನೆಯ ತರಗತಿ ಮುಗಿಸಿದವಳು. ಬೊಮ್ಮಕ್ಕನ ಅವ್ವ ತಿಪ್ಪಮ್ಮ ನಮ್ಮ ಶೇಂಗಾ ಮಂಡಿಗೆ ಕಾಳು ಹಸನು ಮಾಡಲು ಬರುತ್ತಾಳೆ. ಅವರ ಹಟ್ಟಿ ಮೊಳಕಾಲ್ಮುರು ರಸ್ತೆಯಲ್ಲಿದೆ. ರಜೆಯಲ್ಲಿ ಅವ್ವನ ಜೊತೆ ಬಸ್ಸಿನಲ್ಲಿ ಬರುವ ಬೊಮ್ಮಕ್ಕ ಸಂಜೆಯವರೆಗೆ ನಮ್ಮ ಮನೆಯಲ್ಲಿ ಚಿನ್ಮಯಿಯ ಜೊತೆಗಿರುತ್ತಾಳೆ. ಇಬ್ಬರೂ ಸೇರಿ ಎರಡೇ ವಾರದಲ್ಲಿ ನನ್ನ ಪುಟ್ಟ ಓವನ್ನನ್ನು ತಮ್ಮದಾಗಿಸಿಕೊಂಡುಬಿಟ್ಟರು.

ಬಿಸ್ಕತ್ತಿನ ವಿದ್ಯೆ ದೊಡ್ಡದೇನಲ್ಲ. ಓಟ್ಸು, ಚೆನ್ನಾಗಿ ಕಳಿತ ಬಾಳೆಹಣ್ಣು, ಬೀಜ ತೆಗೆದು ಹೆಚ್ಚಿದ ಖರ್ಜೂರ, ಒಂದು ಹಿಡಿ ಒಣದ್ರಾಕ್ಷಿ, ಹುರಿದು ಜಜ್ಜಿದ ಶೇಂಗಾ, ಬೆಲ್ಲದ ಪುಡಿ, ಬೆಣ್ಣೆ. ಮೊಟ್ಟೆ ನಮ್ಮ ಹೊಸಿಲು ದಾಟುವುದಿಲ್ಲವಾದ್ದರಿಂದ ಅದರ ಕೆಲಸವನ್ನೂ ಬಾಳೆಹಣ್ಣೇ ಮಾಡುತ್ತದೆ. ಚಿನ್ಮಯಿ ಕಲಸುವಾಗ ಅರ್ಧ ಹಿಟ್ಟು ಪಾತ್ರೆಯಲ್ಲಿದ್ದರೆ ಅರ್ಧ ಮೊಣಕೈವರೆಗೆ ಇರುತ್ತದೆ. ಬೊಮ್ಮಕ್ಕನದು ಬೇರೆಯೇ ಕೈ. ಅವಳು ಅಳತೆಯ ಬಟ್ಟಲು ಮುಟ್ಟದೆ, ಅಂಗೈಯಲ್ಲಿ ಒಮ್ಮೆ ತೂಗಿ ನೋಡಿ, ಉಂಡೆ ಕಟ್ಟಿ, ಹೆಬ್ಬೆರಳಿನ ಬುಡದಿಂದ ಒತ್ತಿದರೆ ಇಪ್ಪತ್ತೂ ಬಿಸ್ಕತ್ತು ಒಂದೇ ದಪ್ಪ, ಒಂದೇ ಅಗಲ. ಟೈಮರು ಕೂಗುವ ಮೊದಲೇ ಮೂಗರಳಿಸಿ, "ಆಗೈತೆ ಅಕ್ಕಾರೇ, ತೆಗೀರಿ" ಎನ್ನುತ್ತಿದ್ದಳು. ನಾನು ಅಳತೆಯ ಚಮಚಗಳನ್ನು ಗಾತ್ರಾನುಸಾರ ಮೊಳೆಗೆ ನೇತುಹಾಕುವ ಹೆಂಗಸು, ಇನ್ನೂ ಎರಡು ನಿಮಿಷ ಇದೆಯೆಂದು ಹಟ ಹಿಡಿಯುತ್ತಿದ್ದೆ, ಬಿಸ್ಕತ್ತಿನ ತಳ ಕಪ್ಪಾಗುತ್ತಿತ್ತು. ಮೂರನೆಯ ಸಲ ನಾನೇ ಸುಮ್ಮನಾದೆ.

ತನ್ನ ಪಾಲಿನದನ್ನು ಬೊಮ್ಮಕ್ಕ ಮನೆಗೆ ಒಯ್ಯುತ್ತಿದ್ದಳು. ಅದರಲ್ಲಿ ಎರಡನ್ನು ಮಾತ್ರ ಬೇರೆ ಕಾಗದದಲ್ಲಿ ಕಟ್ಟುತ್ತಿದ್ದಳು. ಮರುದಿನ ಆ ಎರಡು ಹಾಗೆಯೇ ವಾಪಸು ಬರುತ್ತಿದ್ದವು. ಯಾರಿಗೆಂದು ಕೇಳಿದೆ. "ತಾತನಿಗೆ. ತಿನ್ನಲ್ಲ" ಎಂದಳು. ಆಮೇಲೆ ಬಿಡಿಸಿ ಹೇಳಿದಳು. ಅವಳ ತಾತ ಹಟ್ಟಿಯ ದೇವರ ಎತ್ತುಗಳನ್ನು ಕಾಯುವವರು. ಹೂಡದೆ, ಮಾರದೆ, ದೇವರ ಹೆಸರಿನಲ್ಲಿ ಬಿಟ್ಟ ಆ ಎತ್ತುಗಳನ್ನು ಮೇಯಿಸುವ ಕೆಲಸ ಹಿಡಿದಂದಿನಿಂದ, ಅಂದರೆ ತಿಪ್ಪಮ್ಮ ಆ ಮನೆಗೆ ಸೊಸೆಯಾಗಿ ಬರುವುದಕ್ಕೂ ಮೊದಲಿನಿಂದ, ತಮ್ಮ ಮನೆಯ ಒಲೆಯಲ್ಲಿ ಬೆಂದದ್ದನ್ನಲ್ಲದೆ ಬೇರೇನನ್ನೂ ಅವರು ಬಾಯಿಗಿಟ್ಟವರಲ್ಲ.

"ಮನೇಲಿ ನಿನ್ನ ಕೈ ಅಡುಗೆ ಉಣ್ತಾರಲ್ಲ?" ಎಂದೆ.

"ಮುದ್ದೆ ಅವ್ವ ತಿರುವ್ತಾಳೆ. ನಾನು ಬರೀ ಉರಿ ಹಾಕೋಳು. ಇದು ನಾನೇ ಕಲ್ತಿದ್ದು ಅಕ್ಕಾರೇ. ಶಾಲೆಗೆ ಹೋಗೋದ್ರೊಳಗೆ ತಾತ ಒಂದ್ಸಲ ತಿನ್ಬೇಕು."

ಶಾಲೆಯೆಂದರೆ ಮೊಳಕಾಲ್ಮುರಿನ ವಸತಿಶಾಲೆ. ಜೂನಿನಲ್ಲಿ ಅವಳು ಆರನೆಯ ತರಗತಿಗೆ ಅಲ್ಲಿಗೆ ಸೇರಬೇಕು, ಅಲ್ಲೇ ಉಳಿಯಬೇಕು. ಅಪ್ಪ, ಅವ್ವ ಒಪ್ಪಿದ್ದರು. ತಾತ ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಆ ಮಾತು ಬಂದರೆ ಎದ್ದು ಎತ್ತುಗಳ ಕಡೆಗೆ ಹೋಗಿಬಿಡುತ್ತಿದ್ದರು. ಇದನ್ನು ಹೇಳುವಾಗ ಬೊಮ್ಮಕ್ಕ ಬಿಸ್ಕತ್ತಿನ ಕಾಗದವನ್ನು ಮಡಿಸುತ್ತಲೇ ಇದ್ದಳು.

ದಾರಿ ಹುಡುಕಿದವಳೂ ಅವಳೇ. ಮರುದಿನ ಬಂದವಳೇ, "ಅಕ್ಕಿ, ಸಕ್ರೆ ಎಲ್ಲ ಅಂಗಡೀದೇ ತಿಂತಾರಲ್ಲ. ಓಟ್ಸೂ ಹಂಗೇ. ಒಲೆ ನಮ್ದು ಆಗ್ಬೇಕು, ಕೈ ನಂದು ಆಗ್ಬೇಕು, ಅಷ್ಟೇ" ಎಂದು ವಾದ ಮಂಡಿಸಿದಳು. ನನಗೆ ಅದರಲ್ಲಿ ಒಂದು ತೂತೂ ಕಾಣಲಿಲ್ಲ. ಮುಂದಿನ ಭಾನುವಾರ ಉಳಿದ ಓಟ್ಸು, ಬಾಳೆಹಣ್ಣು, ಖರ್ಜೂರ, ಒಣದ್ರಾಕ್ಷಿಗಳನ್ನು ಚೀಲಕ್ಕೆ ತುಂಬಿ, ಚಿನ್ಮಯಿಯನ್ನು ಕರೆದುಕೊಂಡು ಹಟ್ಟಿಗೆ ಹೋದೆ. ನನ್ನ ಓವನ್ನನ್ನು ಬಿಟ್ಟು ನಾನು ಬಿಸ್ಕತ್ತು ಮಾಡಿಸಲು ಹೊರಟದ್ದು ಅದೇ ಮೊದಲು.

ಅವರ ಒಲೆಯ ಮೇಲೆ ಬೊಮ್ಮಕ್ಕ ಆಗಲೇ ದೊಡ್ಡದೊಂದು ಪಾತ್ರೆಗೆ ಮರಳು ಸುರಿದು ಕಾಯಲಿಟ್ಟಿದ್ದಳು. ಒಳಗೆ ತಟ್ಟೆ ಇಟ್ಟು, ಮೇಲೆ ಮುಚ್ಚಳ ಹಾಕಿ, ಮುಚ್ಚಳದ ಮೇಲೂ ಜಾಲಿಯ ಕೆಂಡ ಹರಡುವುದು ಅವಳ ಲೆಕ್ಕ. ಕಲಸಲು ಕೂರುವ ಮೊದಲು ಒಂದು ಮಾತು ಹೇಳಿದಳು.

"ತಾತ ತಿನ್ನೋದಕ್ಕಿಂತ ಮೊದ್ಲು ಎತ್ತಿಗೆ ಕೊಡ್ತಾರೆ. ಅದಕ್ಕೆ ಇದು ಮೀಸಲು. ಯಾರೂ ರುಚಿ ನೋಡಂಗಿಲ್ಲ."

ಆಯಿತೆಂದು ನಾನೂ ತಲೆಯಾಡಿಸಿದೆ, ಚಿನ್ಮಯಿಯೂ ತಲೆಯಾಡಿಸಿದಳು. ಬಾಳೆಹಣ್ಣು ಕಿವುಚಿ, ಬೆಲ್ಲ ಬೆರೆಸಿ, ಮನೆಯ ಎಮ್ಮೆಯ ಬೆಣ್ಣೆ ಹಾಕಿ ಬೊಮ್ಮಕ್ಕ ನಾದುತ್ತಿದ್ದಳು. ನಾನು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಹಾಗಲ್ಲ ಹೀಗೆ ಎಂದು ಅಪ್ಪಣೆ ಕೊಡಿಸುತ್ತ, ಪಾತ್ರೆಯಂಚಿನಲ್ಲಿ ಹಿಟ್ಟು ಒಂದಿಷ್ಟು ಸಡಿಲವೆನಿಸಿ ಬೆರಳು ಅದ್ದಿದೆ, ನೆಕ್ಕಿದೆ, ಇನ್ನೊಂದಿಷ್ಟು ಬೆಲ್ಲ ಬೇಕೇನೋ ಎಂದುಕೊಳ್ಳುತ್ತ ಅದೇ ಬೆರಳನ್ನು ಮತ್ತೆ ಅದ್ದಿದೆ. ಚಿನ್ಮಯಿ ನನ್ನ ಮುಖವನ್ನೇ ನೋಡುತ್ತಿದ್ದಳು. ಆಗ ನನಗೆ ಗೊತ್ತಾಯಿತು.

ಇಪ್ಪತ್ತು ವರ್ಷ ಅಡುಗೆ ಮಾಡಿದ ಕೈ ಅದು, ನನ್ನನ್ನು ಕೇಳಿ ಹೋಗಿರಲಿಲ್ಲ ಎಂದು ನಿಮಗೆ ಸಮಜಾಯಿಷಿ ಹೇಳಬಹುದು. ಬೊಮ್ಮಕ್ಕ ಬೈಯಲಿಲ್ಲ, ಮುಖ ಊದಿಸಿಕೊಳ್ಳಲೂ ಇಲ್ಲ. ಕಲಸಿದ್ದನ್ನು ಒಂದು ಕ್ಷಣ ದಿಟ್ಟಿಸಿ ನೋಡಿ, ಪಾತ್ರೆಯನ್ನು ಗೋಡೆಯ ಕಡೆ ಸರಿಸಿ, "ಇದು ನಮಗಿರ್ಲಿ ಅಕ್ಕಾರೇ" ಎಂದು ಕೈ ತೊಳೆಯಲು ಎದ್ದಳು.

ಗೆಳೆಯರೇ, ಆ ಹುಡುಗಿ ಕೈ ತೊಳೆದು ಬರುವಷ್ಟು ಹೊತ್ತಿನಲ್ಲಿ ನಾನು ನನ್ನ ಬೆರಳಿನ ಬಗ್ಗೆ ಯೋಚಿಸಿದಷ್ಟು ಹಿಂದೆಂದೂ ಯೋಚಿಸಿದ್ದಿಲ್ಲ. ಚಿನ್ಮಯಿ ಚಿತ್ರ ಬರೆಯುತ್ತಿದ್ದರೆ ಬಣ್ಣದ ಕಡ್ಡಿ ಕಸಿದು ಆಕಾಶವನ್ನು ನಾನೇ ತುಂಬಿಸಿಕೊಡುತ್ತೇನೆ. ಅವಳು ನೆಂಟರೊಡನೆ ಮಾತಾಡುವಾಗ ಅರ್ಧ ವಾಕ್ಯವನ್ನು ನಾನು ಮುಗಿಸುತ್ತೇನೆ. ಅವಳ ಜಡೆಯನ್ನು ಅವಳೇ ಹೆಣೆದುಕೊಂಡ ದಿನ, ಬಿಚ್ಚಿ ಮತ್ತೆ ಹೆಣೆದು ಶಾಲೆಗೆ ಕಳಿಸಿದ್ದೇನೆ. ಇದನ್ನೆಲ್ಲ ಅಕ್ಕರೆಯೆಂದೇ ತಿಳಿದಿದ್ದೆ, ಈಗಲೂ ಅದರಲ್ಲಿ ಅಕ್ಕರೆ ಇಲ್ಲವೆನ್ನಲಾರೆ. ಆದರೆ ರುಚಿ ನೋಡದೆ ಅಡುಗೆ ಮಾಡಬೇಕಾದರೆ ಮಾಡುವವರ ಕೈಯನ್ನು ನಂಬಬೇಕು, ನಂಬಿ ಸುಮ್ಮನೆ ಕೂರಬೇಕು. ನನ್ನ ಅತ್ತೆ ನೈವೇದ್ಯದ ಹೋಳಿಗೆಯ ಹೂರಣವನ್ನು ಹೀಗೆಯೇ, ನಾಲಿಗೆಗೆ ತಾಗಿಸದೆ, ಬರೀ ಕಣ್ಣಳತೆಯಲ್ಲಿ ಹದಕ್ಕೆ ತರುತ್ತಿದ್ದರು, ಆಗ ನಾನು ಅವರ ಕೈಯನ್ನು ನೋಡಿ ಬೆರಗಾಗುತ್ತಿದ್ದೆ. ಅತ್ತೆಗೆ ಐವತ್ತು ವರ್ಷದ ಅಭ್ಯಾಸವಿತ್ತು. ಈ ಹುಡುಗಿಗಿನ್ನೂ ಹನ್ನೊಂದು ತುಂಬಿರಲಿಲ್ಲ, ಬಿಸ್ಕತ್ತು ಕಲಿತು ಮೂರು ವಾರವಾಗಿತ್ತು.

ಪೊಟ್ಟಣದಲ್ಲಿ ಉಳಿದಿದ್ದದ್ದು ಎರಡು ಹಿಡಿ ಓಟ್ಸು. ಬಾಳೆಹಣ್ಣು, ಖರ್ಜೂರ, ದ್ರಾಕ್ಷಿ ಎಲ್ಲವೂ ನನ್ನ ಎಂಜಲಿನ ಪಾಲಾಗಿದ್ದವು. ಭಾನುವಾರದ ಮಧ್ಯಾಹ್ನ ಹಟ್ಟಿಯಲ್ಲಿ ಅಂಗಡಿಯಿಲ್ಲ, ಚಳ್ಳಕೆರೆಗೆ ಹೋಗಿ ಬರಲು ಹೊತ್ತಿಲ್ಲ; ಮರುದಿನವೇ ಅವಳು ಶಾಲೆಗೆ ಹೊರಡುವವಳು. ಬೊಮ್ಮಕ್ಕ ಆ ಓಟ್ಸಿಗೆ ಬೆರೆಸಲು ಗೂಡಿನಿಂದ ನವಣೆ ಹಿಟ್ಟಿನ ಡಬ್ಬ ತೆಗೆದಳು. ಚಳಿಗಾಲದಲ್ಲಿ ಒಣಗಿಸಿಟ್ಟ ಬಾರೇಹಣ್ಣನ್ನು, ಅಂದರೆ ಎಲಚಿಯನ್ನು, ಬಿಸಿನೀರಲ್ಲಿ ನೆನೆಸಿ, ಕಿವುಚಿ, ಬೀಜ ಬೇರೆ ಮಾಡಿದಳು. ಆ ಹಣ್ಣು ಹುಳಿ, ಎಷ್ಟು ಹುಳಿಯೆಂದು ಬಾಯಿಗಿಡದೆ ಹೇಳುವವರಿಲ್ಲ, ಅದಕ್ಕೆ ಎಷ್ಟು ಬೆಲ್ಲವೆಂದು ಹೇಳುವವರಂತೂ ಇಲ್ಲವೇ ಇಲ್ಲ. ಅವಳು ಮೂಸಿ ನೋಡಿದಳು, ಒಂದಿಷ್ಟು ಬೆಲ್ಲ ಹಾಕಿದಳು, ಮತ್ತೆ ಮೂಸಿದಳು. ನಾನು ಎರಡೂ ಕೈಗಳನ್ನು ಸೆರಗಿನೊಳಗೆ ಸುತ್ತಿಕೊಂಡು ಕೂತಿದ್ದೆ. ಆ ಗಳಿಗೆಯಲ್ಲಿ ಅವಳ ಮೇಲೆ ನನಗೆ ಹುಟ್ಟಿದ್ದು ಗೌರವವೇ. ಚಿಕ್ಕವರ ಮೇಲೆ ಹಾಗೆ ಹುಟ್ಟುವ ಗೌರವವನ್ನು ಎಲ್ಲಿಡಬೇಕೆಂದು ನಮ್ಮಂಥವರಿಗೆ ಬೇಗ ತಿಳಿಯುವುದಿಲ್ಲ.

ಬಿಸ್ಕತ್ತು ಎಂಟಾದವು. ಅಂಗೈಯನ್ನು ಮುಚ್ಚಳದ ಕೆಂಡದ ಮೇಲೆ ಹಿಡಿದು ಶಾಖ ನೋಡಿ, ಎರಡು ಸಲ ಕೆಂಡ ಸರಿಸಿ, ಕೊನೆಗೆ ಘಮ ಬಂತೆಂದು ಅವಳು ಪಾತ್ರೆ ಇಳಿಸಿದಾಗ ನನ್ನ ಗಡಿಯಾರ ನೋಡುವುದನ್ನೂ ನಾನು ಮರೆತಿದ್ದೆ. ಅಂಚು ಹೊಂಬಣ್ಣ, ತಳ ಒಂದೂ ಕಪ್ಪಾಗಿರಲಿಲ್ಲ.

ಎತ್ತುಗಳ ರೊಪ್ಪ ಹಟ್ಟಿಯ ಹೊರಗೆ, ಸುತ್ತ ಮುಳ್ಳಿನ ಬೇಲಿ. ಚಪ್ಪಲಿ ದೂರ ಬಿಟ್ಟು ಬೇಲಿಯ ಹೊರಗೇ ನಿಂತೆವು. ತಾತ ಒಳಗಿದ್ದರು, ಸಣಕಲು ದೇಹ, ಬರಿಗಾಲು, ಹೆಗಲ ಮೇಲೆ ಕರಿಯ ಕಂಬಳಿ. ಮೊಮ್ಮಗಳು ಚಾಚಿದ ತಟ್ಟೆಯನ್ನು ನೋಡಿದರು, ಮುಟ್ಟಲಿಲ್ಲ.

"ಯಾರ ಒಲೆ?"

"ನಮ್ದೇ ತಾತ."

"ಯಾರ ಕೈ?"

"ನಂದೇ."

"ಯಾರಾನ ಬಾಯಿಗೆ ಇಕ್ಕಂಡ್ರಾ?"

ಇಲ್ಲವೆಂದರೆ ಸುಳ್ಳಾಗುತ್ತಿರಲಿಲ್ಲ, ಆ ಎಂಟರಲ್ಲಿ ಯಾರ ಬೆರಳೂ ಇರಲಿಲ್ಲ. ಬೊಮ್ಮಕ್ಕ ಮಾತ್ರ, "ಮೊದ್ಲು ಕಲಸಿದ್ದು ಎಂಜಲಾಯ್ತು. ಅದನ್ನ ಬಿಟ್ಟು ಇದನ್ನ ಬ್ಯಾರೆ ಮಾಡೀನಿ" ಎಂದಳು. ಯಾರಿಂದ ಎಂದು ಹೇಳಲಿಲ್ಲ. ನನಗೆ ತಡೆಯಲಾಗಲಿಲ್ಲ.

"ನಾನೇ ನೆಕ್ಕಿದ್ದು, ತಪ್ಪಾಯ್ತು" ಎಂದೆ.

ಮುದುಕರು ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. "ಪ್ಯಾಟೆ ಕೈ, ಸುಮ್ನೆ ಇರಾಕಿಲ್ಲ" ಎಂದರು. ಸಿಟ್ಟಿನಿಂದ ಅಂದದ್ದಲ್ಲ. ಒಂದು ಬಿಸ್ಕತ್ತು ತೆಗೆದುಕೊಂಡು ಹತ್ತಿರದ ಬಿಳಿಯ ಎತ್ತಿನ ಮೂತಿಗೆ ಹಿಡಿದು, "ತಿನು ನಾಯನಾ, ತಿನು" ಎಂದು ತಮ್ಮ ಮನೆಮಾತಾದ ತೆಲುಗಿನಲ್ಲಿ ಕರೆದರು.

ಎತ್ತು ಮೂಸಿತು. ಮುಖ ಆಚೆಗೆ ತಿರುಗಿಸಿತು. ಚಿನ್ಮಯಿ ಬಂದು ಬೊಮ್ಮಕ್ಕನ ಕೈಯ ತಟ್ಟೆಯ ಇನ್ನೊಂದು ಅಂಚನ್ನು ಹಿಡಿದುಕೊಂಡಳು. ತಾತ ಕೈ ಹಿಂದಕ್ಕೆ ತೆಗೆಯಲೂ ಇಲ್ಲ, ಮುಂದಕ್ಕೆ ತಳ್ಳಲೂ ಇಲ್ಲ. ನೊಣ ಓಡಿಸಲು ಒಮ್ಮೆ ತಲೆ ಕೊಡವಿದ ಎತ್ತು ಮತ್ತೆ ಈ ಕಡೆ ತಿರುಗಿ, ಉದ್ದದ ನಾಲಿಗೆ ಚಾಚಿ, ಬಿಸ್ಕತ್ತನ್ನು ಎಳೆದುಕೊಂಡು ಮೆಲ್ಲತೊಡಗಿತು.

ಆಮೇಲೆ ತಾತ ಕಂಬಳಿಯ ತುದಿಗೆ ಕೈ ಒರೆಸಿಕೊಂಡು ಒಂದನ್ನು ತೆಗೆದುಕೊಂಡರು. ಮುರಿದು ಬಾಯಿಗೆ ಹಾಕಿಕೊಂಡರು. ಹಲ್ಲು ಕಡಿಮೆ, ಅಗಿಯಲು ಬಹಳ ಹೊತ್ತು ಹಿಡಿಯಿತು. ನಾವು ಮೂವರೂ ಅವರ ದವಡೆಯನ್ನೇ ನೋಡುತ್ತ ನಿಂತಿದ್ದೆವು.

"ಹುಳಿ ಐತೆ" ಎಂದರು. "ಬೆಲ್ಲ ಸಾಲ್ದು."

ಬೊಮ್ಮಕ್ಕ ನೆಲ ನೋಡಿದಳು.

"ಆ ನಿಮ್ಮಿಸ್ಕೂಲ್ನಾಗೆ ಹಬ್ಬಕ್ಕೆ ರಜಾ ಕೊಡ್ತಾರಂತಲ್ಲ. ಆವಾಗ ಬಂದು ಇನ್ನೊಂದೀಟು ಬೆಲ್ಲ ಇಕ್ಕಿ ಮಾಡು" ಎಂದು ತಾತ ತಟ್ಟೆಯಿಂದ ಇನ್ನೊಂದನ್ನು ತೆಗೆದುಕೊಂಡರು.