ಬಾವಿಯ ಮೇಲೆ ಕೂರಿಸಿದ ಲಂಗರು ಯಂತ್ರ

ಅದು 1949ರ ಬೇಸಿಗೆ. ಬಸವಕಲ್ಯಾಣವನ್ನು ಆಗ ನಾವು ಕಲ್ಯಾಣಿ ಎನ್ನುತ್ತಿದ್ದೆವು. ಮುಂಬಯಿ ಬಂದರಿನಲ್ಲಿ ಆರು ವರ್ಷ ಫಿಟ್ಟರ್ ಆಗಿ ದುಡಿದು ನಾನು ಊರಿಗೆ ಮರಳಿದ್ದೆ. ಇಂಗ್ಲಿಷ್ ಸಾಹೇಬರು ಮೋಜಿಗೆಂದು ಇಟ್ಟುಕೊಂಡಿದ್ದ ಹಾಯಿದೋಣಿಗಳಿಗೆ ಲಂಗರು ಎತ್ತುವ ವಿದ್ಯುತ್ ಯಂತ್ರ ಕೂರಿಸುವುದು ಅಲ್ಲಿ ನನ್ನ ಕೆಲಸವಾಗಿತ್ತು. ಸಮುದ್ರವನ್ನೇ ಕಾಣದ ನಮ್ಮೂರಿನಲ್ಲಿ ಆ ವಿದ್ಯೆ ಯಾರಿಗೆ ಬೇಕು? ನೇಗಿಲ ಕುಳ ಬಡಿಯುತ್ತ ಕೂತಿದ್ದೆ.

ಒಂದು ದಿನ ಹುಮನಾಬಾದಿನ ಸಾವುಕಾರರೊಬ್ಬರು ಹೇಳಿ ಕಳಿಸಿದರು. ಹೋಗಿ ನೋಡಿದರೆ ಅವರ ಅಂಗಳದಲ್ಲಿ ಅಂಥದ್ದೇ ಯಂತ್ರ! ದೇಶ ಬಿಟ್ಟು ಹೊರಟ ಸಾಹೇಬನೊಬ್ಬನ ದೋಣಿಯಿಂದ ಬಿಚ್ಚಿದ್ದನ್ನು ಮುಂಬಯಿಯ ಗುಜರಿಯಲ್ಲಿ ಕೊಂಡು ಲಾರಿಯಲ್ಲಿ ತರಿಸಿದ್ದರು. ಅವರ ಹೊಲದ ಬಾವಿಯನ್ನು ಇನ್ನಷ್ಟು ಆಳಕ್ಕೆ ತೋಡುವ ಕೆಲಸ ನಡೆದಿತ್ತು. ಕಲ್ಲುಮಣ್ಣಿನ ಬುಟ್ಟಿ ಮೇಲೆತ್ತಲು ಯಂತ್ರವನ್ನು ಬಾವಿಯ ಮೇಲೆ ಕೂರಿಸಬೇಕಂತೆ.

ನನಗೆ ಎಲ್ಲಿಲ್ಲದ ಹುರುಪು ಬಂತು. ಬಾವಿಗೆ ಅಡ್ಡಲಾಗಿ ಎರಡು ಸಾಗವಾನಿ ದಿಮ್ಮಿ ಹಾಕಿಸಿ, ನಾಲ್ಕು ಬೋಲ್ಟು ಬಿಗಿದು, ಲಾರಿಯ ಬ್ಯಾಟರಿಗಳಿಂದ ತಂತಿ ಎಳೆದೆ. ತೊಡಕಾದದ್ದು ಸರಪಳಿಯಲ್ಲಿ. ಯಂತ್ರದ ಚಕ್ರದಲ್ಲಿ ಸರಪಳಿಯ ಕೊಂಡಿಗಳು ಕೂರಲೆಂದೇ ಅಳತೆಯ ಗುಳಿಗಳಿರುತ್ತವೆ. ಸಾವುಕಾರರು ತಂದ ಸರಪಳಿಯ ಕೊಂಡಿ ಆ ಗುಳಿಗಿಂತ ಒಂದು ನೂಲು, ಅಂದರೆ ಅಂಗುಲದ ಎಂಟನೆಯ ಒಂದು ಭಾಗ, ದಪ್ಪ.

"ಇದು ಸರಿಯಾಗಿ ಕೂಡಂಗಿಲ್ರಿ. ಬ್ಯಾರೆ ತರಿಸ್ರಿ" ಎಂದೆ.

"ಸರಪಳಿ ಅಂದ್ರ ಸರಪಳಿ. ಅದರಾಗೇನದ? ನಡಸ್ರಿ ಮಿಸ್ತ್ರಿ" ಎಂದರು.

ನಾನು ಕುಲುಮೆಯಲ್ಲಿ ಒಂದು ಕಬ್ಬಿಣದ ಕೊಕ್ಕೆ ಮಾಡಿ ಕೂರಿಸಿದೆ. ಸರಪಳಿ ಜಾರಿದರೆ ಅದು ಹಿಡಿದು ನಿಲ್ಲಿಸುತ್ತಿತ್ತು. ಬುಟ್ಟಿ ಇಳಿಸುವಾಗ ಮಾತ್ರ ಒಬ್ಬರು ಅದನ್ನು ಎತ್ತಿ ಹಿಡಿದಿರಬೇಕು. ಎಲ್ಲರೆದುರು ಹೇಳಿದೆ: "ಇದರಾಗ ಮಣ್ಣಷ್ಟೇ ಎತ್ರಿ. ಮನಷ್ಯಾರನ್ನ ಕೂಡಸಬ್ಯಾಡ್ರಿ." ಸಾವುಕಾರರ ಭಾವಮೈದುನ ತಲೆಯಾಡಿಸಿದ. ಯಂತ್ರದ ಗುಂಡಿ ಒತ್ತುವ ಕೆಲಸ ಅವನದೇ.

ಐದನೆಯ ದಿನ ಮಧ್ಯಾಹ್ನ ಎಣ್ಣೆ ತರಲು ಪೇಟೆಗೆ ಹೋಗಿ ಬಂದೆ. ಕೊಕ್ಕೆ ಮಣ್ಣಿನಲ್ಲಿ ಬಿದ್ದಿತ್ತು. ಬುಟ್ಟಿಯಲ್ಲಿ ಮೈಬೂಬಸಾಬ್ ಕೂತು ಮೇಲೆ ಬರುತ್ತಿದ್ದರು. ಅವರು ಹುಡಗಿ ಗ್ರಾಮದವರು, ನನ್ನ ತಂದೆಯ ವಯಸ್ಸಿನ ಬಾವಿ ತೋಡುವವರು. ನಾನು "ನಿಂದರಸ್ರಿ!" ಎಂದು ಕೂಗುವಷ್ಟರಲ್ಲಿ ಸರಪಳಿ ಚಕ್ರದಿಂದ ಹಾರಿ ಗರ್‍ರನೆ ಕೆಳಗೆ ಓಡತೊಡಗಿತು.

ಕೈಗೆ ಸಿಕ್ಕಿದ್ದು ಒಂದು ಹಾರೆ. ಅದನ್ನು ಓಡುವ ಸರಪಳಿಗೆ ಚುಚ್ಚಿದೆ. ಹಾರೆ ಒಂದು ಕೊಂಡಿಗೆ ಸಿಕ್ಕಿ ಎರಡೂ ದಿಮ್ಮಿಗಳಿಗೆ ಅಡ್ಡ ಬಿತ್ತು. ನನ್ನ ಎಡಗೈಯ ಎರಡು ಬೆರಳು ನಡುವೆ ಸಿಕ್ಕಿ ಜಜ್ಜಿಹೋದವು. ಸರಪಳಿ ನಿಂತಿತು. ಆಳುಗಳೆಲ್ಲ ಸೇರಿ ಕೈಯಿಂದಲೇ ಎಳೆದು ಮೈಬೂಬಸಾಬರನ್ನು ಮೇಲೆ ತಂದರು. ಬುಟ್ಟಿಯ ಅಂಚನ್ನು ಹಿಡಿದಿದ್ದ ಬೆರಳುಗಳನ್ನು ಅವರಿಗೆ ಬಿಡಿಸಿಕೊಳ್ಳಲಾಗಲಿಲ್ಲ. ನಾವೇ ಒಂದೊಂದಾಗಿ ಬಿಡಿಸಿದೆವು.

ಸಾವುಕಾರರು ಓಡಿ ಬಂದರು. ಅವರ ಮೊದಲ ಮಾತು: "ಮಷೀನಿಗೇನಾರ ಆತೇನು?"

ಭಾವಮೈದುನ ಮೆಲ್ಲಗೆ ಅಂದ: "ಕೊಕ್ಕಿ ಹಿಡ್ಕೊಂಡು ಕುಂತ್ರ ಕೆಲಸ ಸಾವಕಾಶ ಆಗ್ತದಂತ ತಗಸಿದ್ದೆ."

ನನ್ನ ಮೈಯೆಲ್ಲ ಉರಿದುಹೋಯಿತು. ಅಲ್ಲಿಯವರೆಗೆ ದೊಡ್ಡವರ ಮನೆಯವರನ್ನು ಏಕವಚನದಲ್ಲಿ ಮಾತಾಡಿಸಿದವನಲ್ಲ ನಾನು. "ಬಾ, ಆ ಬುಟ್ಟ್ಯಾಗ ನೀ ಕೂಡು. ನಾ ಗುಂಡಿ ಒತ್ತತೀನಿ. ಕೂಡು!" ಎಂದು ಚೀರಿದೆ. ಅವನು ಎರಡು ಹೆಜ್ಜೆ ಹಿಂದೆ ಸರಿದ.

ಮೈಬೂಬಸಾಬ್ ನನ್ನ ತೋಳು ಹಿಡಿದು, "ಸುಮ್ಮನಾಗು ಬೇಟಾ. ನಾಳಿ ನಾ ಇದೇ ಬಾವ್ಯಾಗ ಇಳೀಬೇಕು" ಎಂದರು. ಅವರ ಆ ಮಾತಿಗೆ ನನ್ನ ಸಿಟ್ಟು ಇನ್ನೂ ಏರಿತು. ಬೆರಳಿಗೆ ಬಟ್ಟೆ ಸುತ್ತಿಕೊಂಡು ಪಾನಾ ತೆಗೆದುಕೊಂಡೆ, ಬೋಲ್ಟು ಬಿಚ್ಚತೊಡಗಿದೆ.

"ಕೈ ಹಚ್ಚಬ್ಯಾಡ! ಮಷೀನ್ ನಂದದ" ಎಂದು ಸಾವುಕಾರರು ಗದರಿದರು.

"ಮಷೀನ್ ನಿಮ್ದು. ಕೂಡಿಸಿದಾಂವ ನಾನು" ಎಂದೆ.

ಒಂದೇ ಕೈಯಲ್ಲಿ ನಾಲ್ಕನೆಯ ಬೋಲ್ಟು ಜಗ್ಗಲಿಲ್ಲ. ಆಗ ಮೈಬೂಬಸಾಬ್ ಬಂದು ಪಾನಾಕ್ಕೆ ಕೈ ಕೊಟ್ಟರು. ಇಬ್ಬರೂ ಸೇರಿ ಯಂತ್ರವನ್ನು ಇಳಿಸಿ ನೆಲಕ್ಕಿಟ್ಟೆವು. ಮರುದಿನದಿಂದ ಅವರಿಗೆ ಅಲ್ಲಿ ಕೆಲಸವಿರಲಿಲ್ಲವೆಂದು ಆಮೇಲೆ ತಿಳಿಯಿತು.

ಆ ಸಾವುಕಾರರು ತೀರಿಕೊಂಡು ಎಷ್ಟೋ ವರ್ಷಗಳಾದವು. ಅವರು ಮೊದಲು ಕೇಳಿದ ಆ ಮಾತು ನೆನಪಾದರೆ ಇಂದಿಗೂ ಕೆನ್ನೆ ಬಿಸಿಯಾಗುತ್ತದೆ. ಆದರೆ ಆ ಸರಪಳಿ ಚಕ್ರಕ್ಕೆ ಕೂರದಿದ್ದರೆ ಏನಾದೀತೆಂದು ಅಲ್ಲಿದ್ದವರಲ್ಲಿ ಗೊತ್ತಿದ್ದದ್ದು ನನಗೊಬ್ಬನಿಗೇ. ನನ್ನ ಯಂತ್ರ ಓಡುವುದನ್ನು ನಮ್ಮ ಜನ ಬೆರಗಾಗಿ ನೋಡಲಿ ಎಂಬ ಆಸೆಗೆ ಬಿದ್ದು, ಒಂದು ಸಲ ಹೇಳಿ ಸುಮ್ಮನಾದೆ. ಸಾವುಕಾರರ ಮೇಲಿನ ಸಿಟ್ಟನ್ನು ಅಂದೇ ಚೀರಿ ತೀರಿಸಿಕೊಂಡೆ. ನನ್ನ ಮೇಲಿನದು ಇನ್ನೂ ತೀರಿಲ್ಲ.