ಭಿಕ್ಷಾಪಾತ್ರೆಗೆ ಬಿದ್ದ ಗಾಡಿ ಕೀ

ನಮ್ಮ ನೋಂಗ್ ಖಾಯ್‌ ಓಣಿಯಲ್ಲಿ ಖಮ್ಮೂನ್ ಬೆಳಿಗ್ಗೆ ಗಾಡಿ ಶುರು ಮಾಡಿದರೆ, ಮೆಕಾಂಗ್ ಹೊಳೆಯಾಚೆ ಲಾವೋಸಿನ ಹುಂಜಗಳು ನಾಚಿಕೊಂಡು ಮತ್ತೆ ಮಲಗುತ್ತವೆ. ಹಿಂದೆ ಎರಡು ಬೆಂಚು ಹಾಕಿದ ಹಳೆಯ ಪಿಕಪ್ ಅದು. ಅದರಲ್ಲಿ ಆಕೆ ಕೋಳಿ, ಕಳಲೆ, ಮೀನಿನ ಬುಟ್ಟಿ, ಅವುಗಳ ಒಡತಿಯರು ಎಲ್ಲವನ್ನೂ ತುರುಕಿ ಸಂತೆಗೆ ಒಯ್ಯುತ್ತಾಳೆ. ಒಮ್ಮೆ ಇಡೀ ಮದುವೆ ದಿಬ್ಬಣವನ್ನೇ ಒಯ್ದಿದ್ದಳು, ಮದುಮಗನನ್ನು ಮಾತ್ರ ಟಾಪಿನ ಮೇಲೆ ಕೂರಿಸಿ. ಆ ಗಾಡಿಯೇ ಆಕೆಯ ಅನ್ನ.

ಆಕೆಯ ಮರೆವಿನ ಬಗ್ಗೆ ಹೇಳಬೇಕು. ಕಾಲಲ್ಲಿದ್ದ ಚಪ್ಪಲಿಯನ್ನು ಹುಡುಕುತ್ತ ಅದೇ ಚಪ್ಪಲಿಯಲ್ಲಿ ಪಕ್ಕದ ಊರಿನ ತನಕ ಹೋಗಿಬಂದವಳು. ಸಂತೆಯಲ್ಲಿ ಯಾರದೋ ಗಾಡಿ ಹತ್ತಿ ಕೂತು ಬೈಸಿಕೊಂಡ ಮೇಲೆ, ತನ್ನ ಗಾಡಿಯ ನಂಬರನ್ನು ತಗಡಿನ ಚೂರಿನ ಮೇಲೆ ಕೊರೆಸಿ ಕೀಗೆ ಕಟ್ಟಿಕೊಂಡಿದ್ದಳು.

ಆ ಕೀಯೇ ಒಂದು ಬೆಳಿಗ್ಗೆ ಮಾಯವಾಯಿತು. ಎಂದಿನಂತೆ ಮನೆ ಮುಂದೆ ಮಂಡಿಯೂರಿ, ಭಿಕ್ಷೆಗೆ ಬಂದ ವಿಹಾರದ ಹಿರಿಯ ಗುರುಗಳ ಪಾತ್ರೆಗೆ ಅಂಟನ್ನದ ಉಂಡೆ ಹಾಕಿ ಎದ್ದಳು. ಗಾಡಿ ಹತ್ತಿದರೆ ಕೀ ಇಲ್ಲ. ಮನೆಯನ್ನು ಬುಡಮೇಲು ಮಾಡಿದಳು, ಬೆಕ್ಕನ್ನೂ ಎತ್ತಿ ಕೊಡವಿದಳು. ಬೆಂಚಿನ ಮೇಲೆ ಸಂತೆಯ ಹೆಂಗಸರು ಕಾಯುತ್ತಿದ್ದರು. ಎದುರಿನ ನನ್ನ ನೂಡಲ್ ಅಂಗಡಿಯಿಂದ ನಾನೇ ಹೋಗಿ ಬೀಗದ ಕೆಲಸದ ತವಿಯನ್ನು ಕರೆತಂದೆ.

"ಎಲ್ಲಿ ಕಳ್ದೆ ಅಕ್ಕ?"

"ಗೊತ್ತಿದ್ರೆ ಅದು ಕಳೆದಂಗೇನೋ? ನಿನ್ನೆ ಸಂಜೆ ಮೀನು ತರೋಕೆ ಹೊಳೆದಂಡೆಗೆ ನಡ್ಕೊಂಡು ಹೋಗಿದ್ದೆ. ಅಲ್ಲೇ ಬಿತ್ತೋ ಏನೋ."

"ಹೊಸ ಕೀ ಈಗ್ಲೇ ಮಾಡ್ಕೊಡ್ತೀನಿ. ಆದ್ರೆ ಹಳೇದು ಯಾರ ಕೈಗಾದ್ರೂ ಸಿಕ್ಕಿದ್ರೆ? ನಂಬರ್ ಬೇರೆ ಕಟ್ಟಿದ್ದೀಯ. ಕಳ್ಳನಿಗೆ ವಿಳಾಸ ಬರೆದುಕೊಟ್ಟಂಗೆ. ಬೀಗಾನೇ ಬದಲಾಯಿಸ್ಬೇಕು."

"ಎಷ್ಟೊತ್ತಾಗುತ್ತೆ?"

"ಹೊತ್ತಲ್ಲಕ್ಕ, ವಾರ. ಈ ಮುದಿ ಗಾಡಿಯ ಬೀಗ ಎಲ್ಲಿ ಸಿಗುತ್ತೋ ಹುಡುಕ್ಬೇಕು."

ಖಮ್ಮೂನ್ ಕುಸಿದು ಕೂತಳು. "ವಾರ ನಿಂತ್ರೆ ನನ್ನ ಜನ ಎಲ್ಲಾ ಬೇರೆ ಗಾಡಿ ಹಿಡೀತಾರೆ. ಬೀಗ ಬದಲಾಯಿಸ್ದೇ ಇದ್ರೆ ಗಾಡಿನೇ ಹೋಗುತ್ತೆ. ಯಾವ ಕಡೆ ಸಾಯ್ಲಿ?"

"ಮೊದ್ಲು ನಮ್ಮನ್ನ ಸಂತೆಗೆ ಬಿಟ್ಟು ಆಮೇಲೆ ಸಾಯಿ ಮಾರಾಯ್ತಿ," ಎಂದಳು ಕೋಳಿಯ ಹೆಂಗಸು. "ಇನ್ನು ಸ್ವಲ್ಪ ತಡ ಆದ್ರೆ ನನ್ನ ಕೋಳಿಗಳು ಇಲ್ಲೇ ಮೊಮ್ಮಕ್ಕಳನ್ನ ಕಾಣ್ತವೆ."

ಕಡೆಗೆ ಖಮ್ಮೂನ್ ಕಣ್ಣೊರೆಸಿಕೊಂಡು, "ಬಿಚ್ಚಪ್ಪ ಬೀಗ," ಎಂದಳು. ತವಿ ಸ್ಟೇರಿಂಗಿನ ಕೆಳಗೆ ತಲೆ ತೂರಿಸಿದ. ಅಷ್ಟರಲ್ಲಿ ಗುರುಗಳು ಓಣಿಯ ತುದಿಯಲ್ಲಿ ಕಾಣಿಸಿಕೊಂಡರು. ಕೈಯಲ್ಲಿ ತೊಳೆದು ಫಳಫಳ ಮಾಡಿದ ಕೀ!

"ಖಮ್ಮೂನ್, ಅನ್ನದುಂಡೆಗೆ ಅಂಟ್ಕೊಂಡು ಇದು ಪಾತ್ರೆಗೆ ಬಿತ್ತು. ನೋಡ್ದೆ. ಭಿಕ್ಷೆ ಹಾಕೋರನ್ನ ಇದ್ಯಾಕೆ ಹಾಕ್ದೆ ಅಂತ ಕೇಳೋ ಹಾಗಿಲ್ವಲ್ಲ. ಗಾಡಿನೇ ದಾನ ಕೊಟ್ಯೇನೋ ಅಂದ್ಕೊಂಡೆ."

ಪಾತ್ರೆಗೆ ಹಾಕಿದ್ದನ್ನು ವಾಪಸ್ ಕೊಡಿ ಎನ್ನುವ ಬಾಯಿ ನಮ್ಮಲ್ಲಿ ಯಾರಿಗಿದೆ? ಖಮ್ಮೂನ್ ತಲೆ ತಗ್ಗಿಸಿ ಕೈಮುಗಿದಳು.

"ಊಟದುದ್ದಕ್ಕೂ ಯೋಚಿಸ್ದೆ," ಎಂದರು ಗುರುಗಳು. "ನನಗೆ ಸೈಕಲ್ಲೂ ಬರಲ್ಲ. ಗಾಡಿ ನೀನೇ ಇಟ್ಕೋ. ಕೊಟ್ಟಿದ್ದು ಕೀ ಮಾತ್ರ, ಅದು ವಿಹಾರದ್ದು." ಹೆಂಗಸಿನ ಕೈಗೆ ಭಿಕ್ಷುಗಳು ಏನನ್ನೂ ನೇರವಾಗಿ ಕೊಡುವಂತಿಲ್ಲ, ಹಾಗಾಗಿ ಕೀಯನ್ನು ತವಿಯ ಅಂಗೈಗೆ ಹಾಕಿದರು. "ಇದನ್ನ ನೋಡ್ಕೊಂಡು ಅವಳಿಗೊಂದು ಮಾಡ್ಕೊಡು. ಬೀಗದ ತಂಟೆಗೆ ಹೋಗ್ಬೇಡ."

ಖಮ್ಮೂನ್ ಬೀದಿಯ ಧೂಳಿನಲ್ಲೇ ಹಣೆಯಿಟ್ಟು ಮೂರು ಸಲ ನಮಸ್ಕರಿಸಿದಳು. "ಉಂಡೆ ಜೊತೆ ನೀವು ಅದನ್ನ ನುಂಗ್ಲಿಲ್ವಲ್ಲ ಗುರುಗಳೇ, ನನ್ನ ಪುಣ್ಯ!"

ಅಂದಿನಿಂದ ಹಳೆಯ ಕೀ ನಂಬರಿನ ತಗಡಿನ ಸಮೇತ ವಿಹಾರದ ಕಂಬದಲ್ಲಿ ನೇತಾಡುತ್ತಿದೆ. ಹೊಸದನ್ನು ಆಕೆ ಎಷ್ಟು ಸಲ ಕಳೆದಳೆಂದರೆ, ಮೆಕಾಂಗಿನ ಮೀನುಗಳಿಗೆಲ್ಲ ಈಗ ಒಂದೊಂದು ಕೀ ಇರಬೇಕು. ಪ್ರತಿ ಸಲವೂ ತವಿ ಕಂಬದ ಬಳಿಗೆ ಓಡುತ್ತಾನೆ. ಗಾಡಿ ಹೊತ್ತಿಗೆ ಸರಿಯಾಗಿ ಸಂತೆ ಸೇರುತ್ತದೆ. ಹಬ್ಬದ ದಿನ ಭಿಕ್ಷುಗಳನ್ನು ಕರೆದೊಯ್ಯುವುದು ಅದೇ ಗಾಡಿ, ಮೊಳಕಾಲು ಕೈಕೊಟ್ಟಾಗ ನನ್ನನ್ನು ಆಸ್ಪತ್ರೆಗೆ ಒಯ್ದದ್ದೂ ಅದೇ.

ಈಗಲೂ ಬೆಳಿಗ್ಗೆ ಆಕೆ ಮಂಡಿಯೂರುತ್ತಾಳೆ. ಗುರುಗಳು ಪಾತ್ರೆಯ ಮುಚ್ಚಳ ತೆಗೆಯುವ ಮೊದಲು ನಿಂತು ಕಾಯುತ್ತಾರೆ. ಆಕೆ ಎರಡೂ ಅಂಗೈ ಬಿಡಿಸಿ ತೋರಿಸುತ್ತಾಳೆ. ಆಮೇಲೆ ಅನ್ನ.