ಹಾಡು ಮುಗಿಯುವ ತನಕ

ಹುಮನಾಬಾದಿನ ನಮ್ಮ ಆಫೀಸಿನಲ್ಲಿ ಫೋನು ಎತ್ತುತ್ತಿದ್ದ ಅಕ್ಕ, ರಿಸೀವರನ್ನು ಸೆರಗಿನಿಂದ ಒರೆಸಿಕೊಂಡು, ಆ ಕಡೆ ಯಾರೇ ಇರಲಿ, "ಹೇಳ್ರಿ, ಕೇಳಾಕತ್ತೇನಿ" ಎನ್ನುತ್ತಿದ್ದರು. ತೊಂಬತ್ತರ ದಶಕದ ಕೊನೆಯಲ್ಲೊಮ್ಮೆ ಆ ಫೋನಿನೊಳಗೆ ರೇಡಿಯೋ ಸೇರಿಕೊಂಡು ಮಾತೇ ಕೇಳದಂತಾಯಿತು. ಲೈನ್‌ಮನ್ ಬಂದು ಗೋಡೆಯ ಡಬ್ಬಿ ಬಿಚ್ಚಿದ. ಕಿಲುಬು ಹಿಡಿದ ತಂತಿಯ ಗಂಟೇ ರೇಡಿಯೋ ಹಿಡಿಯುತ್ತಿದೆ ಎಂದ.

ರಿಸೀವರ್ ಕಿವಿಗಿಟ್ಟುಕೊಂಡಿದ್ದ ಅಕ್ಕ, "ಈ ಹಾಡು ಮುಗಿಯೋ ತನಕ ತಡೀರಿ ಅಣ್ಣಾ" ಎಂದರು.

"ಯಾಕ್ರಿ ಅಕ್ಕಾರ, ಮನ್ಯಾಗ ರೇಡಿಯೋ ಇಲ್ಲೇನ್ರಿ?"

"ಅದ ರೀ. ಹಚ್ಚಾಕ ಬಿಡಂಗಿಲ್ರಿ."

ಅವನು ಇಕ್ಕಳ ಕೆಳಗಿಟ್ಟು ಸ್ಟೂಲಿನ ಮೇಲೆ ಕುಳಿತ. ಹಾಡು ಮುಗಿದ ಮೇಲೆ ಅಕ್ಕನೇ ರಿಸೀವರ್ ಇಟ್ಟು, "ಈಗ ಮಾಡ್ರಿ" ಎಂದರು. ಲೈನು ಸ್ವಚ್ಛವಾಯಿತು.

ಮರುವರ್ಷ ಅವರು ಕೆಲಸ ಬಿಟ್ಟು ಬಸವಕಲ್ಯಾಣಕ್ಕೆ ಹೋದರು. ಇವತ್ತಿಗೂ ಅಲ್ಲಿಂದ ಬಂದ ಬಸ್ಸು ಕಂಡರೆ, ಇಳಿಯುವವರ ಮುಖಗಳನ್ನು ನೋಡುತ್ತ ನಿಲ್ಲುತ್ತೇನೆ.